ನರದ ಗುಂಟ ನಡೆಯುವ ಗೆಡ್ಡೆ

ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಸೇರಿಕೊಂಡಿರುವ ನೂರಾರು ಕಾಯಿಲೆಗಳನ್ನು ಅಳೆಯಲು ವೈದ್ಯಶಾಸ್ತ್ರ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದೆ: ಗೆಡ್ಡೆ ಎಷ್ಟು ದೊಡ್ಡದು, ಹತ್ತಿರದ ದುಗ್ಧಗ್ರಂಥಿಗಳನ್ನು ಅದು ಮುಟ್ಟಿದೆಯೇ, ದೂರದ ಅಂಗಗಳಿಗೆ ಹರಡಿದೆಯೇ. ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಅಪರೂಪದ ಕ್ಯಾನ್ಸರಿನ ಎದುರು ಈ ಮೂರೂ ಪ್ರಶ್ನೆಗಳಿಗೆ ಸಿಗುವುದು ಅರ್ಧಂಬರ್ಧ ಉತ್ತರ. ಏಕೆಂದರೆ ಅದರ ಗೆಡ್ಡೆ ಹಲವು ಸಲ ನೆಲ್ಲಿಕಾಯಿಗಿಂತ ಚಿಕ್ಕದಾಗಿರುತ್ತದೆ, ಕತ್ತಿನ ದುಗ್ಧಗ್ರಂಥಿಗಳ ತಂಟೆಗೆ ಅದು ಹೋಗುವುದು ಕಡಿಮೆ, ಶ್ವಾಸಕೋಶದಲ್ಲಿ ನೆಲೆಯೂರಿದ ಮೇಲೂ ರೋಗಿ ವರ್ಷಗಟ್ಟಲೆ ಎಂದಿನಂತೆ ಓಡಾಡಿಕೊಂಡಿರಬಹುದು. ಈ ಕಾಯಿಲೆಯ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅದು ಹತ್ತಿರದ ಯಾವ ನರವನ್ನು ಹಿಡಿದಿದೆ, ಆ ನರದ ಗುಂಟ ತಲೆಬುರುಡೆಯ ಕಡೆಗೆ ಎಷ್ಟು ದೂರ ನಡೆದಿದೆ?

ಕನ್ನಡದಲ್ಲಿ ಜೊಲ್ಲು, ಉಗುಳು, ಎಂಜಲು ಎಂದು ಸಂದರ್ಭಕ್ಕೊಂದು ಹೆಸರು ಪಡೆಯುವ, ಪಠ್ಯಪುಸ್ತಕಗಳು ಲಾಲಾರಸವೆಂದು ಕರೆಯುವ ದ್ರವ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಬಾಯಲ್ಲಿ ಊರುತ್ತದೆ. ಇದರ ಬಹುಪಾಲನ್ನು ಒದಗಿಸುವುದು ಮೂರು ಜೋಡಿ ದೊಡ್ಡ ಗ್ರಂಥಿಗಳು. ಮಂಗನಬಾವು ಬಂದಾಗ ಕಿವಿಯ ಕೆಳಗೆ, ಕೆನ್ನೆಯ ಹಿಂಭಾಗದಲ್ಲಿ ಊದಿಕೊಳ್ಳುವುದು ಪರೋಟಿಡ್ ಗ್ರಂಥಿ; ದವಡೆಯ ಅಡಿಯಲ್ಲಿ ಒಂದು ಜೋಡಿ, ನಾಲಿಗೆಯ ಅಡಿಯಲ್ಲಿ ಇನ್ನೊಂದು ಜೋಡಿ ಇವೆ. ಇವಲ್ಲದೆ ಅಂಗುಳ, ತುಟಿ, ಕೆನ್ನೆಯ ಒಳಮೈ, ಗಂಟಲು, ಮೂಗಿನ ಸುತ್ತಲಿನ ಗಾಳಿಗೂಡುಗಳಲ್ಲೆಲ್ಲ ಸಾಸಿವೆಯಷ್ಟು ಗಾತ್ರದ ಆರುನೂರರಿಂದ ಸಾವಿರ ಪುಟ್ಟ ಗ್ರಂಥಿಗಳು ಚದುರಿಕೊಂಡಿವೆ. ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿ ಹುಟ್ಟಿದ ಗೆಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚು ಎಂಬುದು ಶಸ್ತ್ರವೈದ್ಯರು ಮರೆಯಬಾರದ ಸೂತ್ರ: ಪರೋಟಿಡ್ ಗೆಡ್ಡೆಗಳಲ್ಲಿ ನಾಲ್ಕರಿಂದ ಐದಕ್ಕೊಂದು ಮಾತ್ರ ಕ್ಯಾನ್ಸರ್ ಆಗಿದ್ದರೆ, ಅಂಗುಳದಂಥ ಕಡೆಯ ಪುಟ್ಟ ಗ್ರಂಥಿಗಳ ಗೆಡ್ಡೆಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚಿನವು ಕ್ಯಾನ್ಸರ್ ಆಗಿರುತ್ತವೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಕ್ಕೆ ಅಂಗುಳವೇ ಅಚ್ಚುಮೆಚ್ಚಿನ ತಾಣಗಳಲ್ಲಿ ಒಂದು. ಇದೇ ಬಗೆಯ ಜೀವಕೋಶಗಳಿರುವ ಕಣ್ಣೀರಿನ ಗ್ರಂಥಿ, ಶ್ವಾಸನಾಳ, ಸ್ತನಗಳಲ್ಲೂ ಅದು ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಸ್ತನದಲ್ಲಿ ಹುಟ್ಟಿದಾಗ ಮಾತ್ರ ಅದೇಕೋ ಬಹಳ ಸಾಧುವಾಗಿ ವರ್ತಿಸುತ್ತದೆ.

ತಲೆ ಮತ್ತು ಕತ್ತಿನ ಕ್ಯಾನ್ಸರುಗಳಲ್ಲಿ ಇದರ ಪಾಲು ಸುಮಾರು ಶೇ 1, ಜೊಲ್ಲುಗ್ರಂಥಿಗಳ ಕ್ಯಾನ್ಸರುಗಳನ್ನಷ್ಟೇ ತೆಗೆದುಕೊಂಡರೆ ಸುಮಾರು ಶೇ 10. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಮೂರು-ನಾಲ್ಕು ಮಂದಿಗೆ ಬರುವ, ಹೆಚ್ಚಾಗಿ ನಲವತ್ತರಿಂದ ಅರವತ್ತರ ವಯಸ್ಸಿನವರನ್ನು, ಗಂಡಸರಿಗಿಂತ ಹೆಂಗಸರನ್ನು ತುಸು ಹೆಚ್ಚಾಗಿ ಕಾಡುವ ಕಾಯಿಲೆ ಇದು. ಬಾಯಿಯ ಕ್ಯಾನ್ಸರ್ ಎಂದೊಡನೆ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾಗಳನ್ನು ನೆನೆಯುವುದು ಭಾರತದ ಮಟ್ಟಿಗೆ ಸರಿಯಾದ ಅಭ್ಯಾಸವೇ ಆದರೂ ಈ ಕಾಯಿಲೆಗೆ ಆ ಲೆಕ್ಕ ಹೊಂದುವುದಿಲ್ಲ; ತಂಬಾಕಿಗೂ ಇದಕ್ಕೂ ಸಂಬಂಧವಿದೆಯೆಂದು ತೋರಿಸುವ ಗಟ್ಟಿ ಆಧಾರ ಇಲ್ಲ. ಬಾಯಲ್ಲಿ ಗೆಡ್ಡೆಯೆಂದ ಮಾತ್ರಕ್ಕೆ ರೋಗಿಯ ಚಟವನ್ನು ಹುಡುಕಲು ಹೊರಡುವ ನೆಂಟರಿಷ್ಟರಿಗೆ ಇದು ತಿಳಿದಿರುವುದು ಒಳ್ಳೆಯದು. ಅಮೆರಿಕದ ಹೆಸರಾಂತ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ಪರೋಟಿಡ್ ಗ್ರಂಥಿಯ ಕ್ಯಾನ್ಸರಿನಿಂದ 2014ರಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ತಮ್ಮ ಕಾಯಿಲೆಗೆ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದ ತಂಬಾಕೇ ಕಾರಣವೆಂದು ಅವರು ನಂಬಿದ್ದುದು ದೊಡ್ಡ ಸುದ್ದಿಯಾಯಿತು. ತಂಬಾಕು ಬಿಡಿಸಲು ಆ ಮಾತು ಉಪಯೋಗಕ್ಕೆ ಬಂದಿದ್ದರೆ ಸಂತೋಷ, ಆದರೆ ಜೊಲ್ಲುಗ್ರಂಥಿಗಳ ಕ್ಯಾನ್ಸರಿನ ವಿಷಯದಲ್ಲಿ ವಿಜ್ಞಾನ ಅಷ್ಟು ಖಚಿತವಾಗಿ ಹೇಳುವುದಿಲ್ಲ.

ಎಣಿಕೆಯ ವಿಧಾನವೂ ಈ ಕಾಯಿಲೆಯನ್ನು ಮರೆಮಾಚುತ್ತದೆ. ಭಾರತದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಮೊದಲುಗೊಂಡಾಗ ಮುಂಬೈ, ಚೆನ್ನೈಗಳ ಜೊತೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿ ಕೇಂದ್ರವೂ ಅದರಲ್ಲಿತ್ತು, ಇಂದಿಗೂ ದೇಶದ ಕ್ಯಾನ್ಸರ್ ಲೆಕ್ಕಾಚಾರದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಇಂಥ ನೋಂದಣಿಗಳ ಮುಖ್ಯ ಕೋಷ್ಟಕಗಳು ಕ್ಯಾನ್ಸರನ್ನು ಅಂಗವಾರು ವಿಂಗಡಿಸುತ್ತವೆಯಾದ್ದರಿಂದ, ಅಂಗುಳದಲ್ಲಿ ಹುಟ್ಟಿದ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಬಾಯಿಯ ಕ್ಯಾನ್ಸರುಗಳ ಪಟ್ಟಿಗೂ ಪರೋಟಿಡ್‌ನಲ್ಲಿ ಹುಟ್ಟಿದ್ದು ಜೊಲ್ಲುಗ್ರಂಥಿಗಳ ಪಟ್ಟಿಗೂ ಶ್ವಾಸನಾಳದಲ್ಲಿ ಹುಟ್ಟಿದ್ದು ಇನ್ನೊಂದು ಪಟ್ಟಿಗೂ ಸೇರಿ, ಒಂದೇ ಕುಲದ ಕಾಯಿಲೆ ಬೇರೆ ಬೇರೆ ಮನೆಗಳಲ್ಲಿ ಹಂಚಿಹೋಗುತ್ತದೆ.

ಹೆಸರಿನ ಚರಿತ್ರೆಯೂ ಸ್ವಾರಸ್ಯಕರವಾಗಿದೆ. 1850ರ ದಶಕದಲ್ಲಿ ಫ್ರಾನ್ಸಿನ ರೋಬೆನ್, ಲಬುಲ್ಬೆನ್ ಮೊದಲಾದವರು ಸೂಕ್ಷ್ಮದರ್ಶಕದಡಿ ಇದನ್ನು ವರ್ಣಿಸಿದರು. ಮುಂದೆ ಜಠರದ ಶಸ್ತ್ರಚಿಕಿತ್ಸೆಗೆ ಹೆಸರಾದ ಥಿಯೋಡೋರ್ ಬಿಲ್‌ರೋತ್ 1859ರಲ್ಲಿ, ಜೀವಕೋಶಗಳ ನಡುವೆ ಕೊಳವೆಯಾಕಾರದ ಕಂಬಗಳಂತೆ ಕಾಣುವ ವಸ್ತುವನ್ನು ಗಮನಿಸಿ ಸಿಲಿಂಡ್ರೋಮ ಎಂದು ಕರೆದರು. ಸಾಧುವೆಂದು ತೋರುವ ಈ ಹೆಸರು ದಶಕಗಟ್ಟಲೆ ಉಳಿದು, ಕಾಯಿಲೆಯೂ ಸಾಧುವೆಂಬ ಭ್ರಮೆಗೆ ಇಂಬುಕೊಟ್ಟಿತು. ಈಗ ಬಳಕೆಯಲ್ಲಿರುವ ಹೆಸರು ಹುಟ್ಟಿದ್ದು 1930ರಲ್ಲಿ. ಮಕ್ಕಳ ಮೂಗಿನ ಹಿಂದೆ ಬೆಳೆಯುವ ಅಡಿನಾಯ್ಡಿಗೂ ಇದಕ್ಕೂ ನಂಟಿಲ್ಲ, ಗ್ರಂಥಿಯನ್ನು ಹೋಲುವುದು ಎಂಬಷ್ಟೇ ಆ ಪದದ ಅರ್ಥ. ಸೂಕ್ಷ್ಮದರ್ಶಕದಲ್ಲಿ ಇದರ ತುಣುಕು ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣುತ್ತದೆ: ರಂಧ್ರಗಳಿಂದ ತುಂಬಿದ ಜರಡಿಯ ರೂಪ, ಕೊಳವೆಗಳ ರೂಪ, ರಂಧ್ರವೇ ಇಲ್ಲದೆ ಜೀವಕೋಶಗಳು ಒತ್ತಿಕೊಂಡಿರುವ ಗಟ್ಟಿ ರೂಪ. ಜರಡಿಯ ರೂಪವೇ ಇದರ ಗುರುತಿನ ಚೀಟಿ. ಗಟ್ಟಿ ರೂಪದ ಪಾಲು ಶೇ 30ನ್ನು ಮೀರಿದರೆ ಕಾಯಿಲೆ ಹೆಚ್ಚು ಉಗ್ರವೆಂದು ರೋಗಶಾಸ್ತ್ರಜ್ಞರು ಎಣಿಸುತ್ತಾರೆ.

ರೂಪ ಯಾವುದೇ ಇರಲಿ, ರೋಗಶಾಸ್ತ್ರಜ್ಞರು ಅದೇ ತುಣುಕಿನಲ್ಲಿ ತಪ್ಪದೆ ಹುಡುಕುವ ಇನ್ನೊಂದು ವಸ್ತು ನರ. ಬರಿಗಣ್ಣಿಗೆ ಒಂದೇ ದಾರದಂತೆ ಕಾಣುವ ನರ ವಾಸ್ತವದಲ್ಲಿ ಹಲವು ಎಳೆಗಳ ಕಟ್ಟು. ಪ್ರತಿ ಎಳೆಗೂ ಒಳಹೊದಿಕೆ, ಎಳೆಗಳ ಪ್ರತಿ ಗುಂಪಿಗೂ ಪೆರಿನ್ಯೂರಿಯಂ ಎಂಬ ನಡುಹೊದಿಕೆ, ಇಡೀ ಕಟ್ಟಿಗೆ ಒಂದು ಹೊರಹೊದಿಕೆ ಇರುತ್ತವೆ. ಕ್ಯಾನ್ಸರ್ ಕೋಶಗಳು ಈ ಹೊದಿಕೆಗಳ ಒಳಗೆ ನುಸುಳಿದ್ದರೆ, ಅಥವಾ ನರದ ಸುತ್ತಳತೆಯ ಮೂರನೆಯ ಒಂದು ಭಾಗವನ್ನಾದರೂ ತಬ್ಬಿಕೊಂಡಿದ್ದರೆ ಅದನ್ನು ಪೆರಿನ್ಯೂರಲ್ ಆಕ್ರಮಣ ಎನ್ನುತ್ತಾರೆ. ಬೇರೆ ಕ್ಯಾನ್ಸರುಗಳಲ್ಲೂ ಹೀಗಾಗುವುದುಂಟು, ಆದರೆ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮದಲ್ಲಿ ಅದು ಎಷ್ಟು ಸಾಮಾನ್ಯವೆಂದರೆ ಕಾಯಿಲೆಯ ಸ್ವಭಾವವೇ ಅದೆಂದು ಭಾವಿಸಲಾಗುತ್ತದೆ. ನರದ ಸುತ್ತ ದುಗ್ಧನಾಳಗಳಿದ್ದು ಅವುಗಳಲ್ಲಿ ಕೋಶಗಳು ತೇಲಿಹೋಗುತ್ತವೆಂದು ಹಿಂದೆ ನಂಬಿದ್ದರು. ಆ ನಾಳಗಳು ಅಲ್ಲಿಲ್ಲವೆಂದು ಗೊತ್ತಾದ ಮೇಲೆ, ಅಡೆತಡೆ ಕಡಿಮೆಯಿರುವ ಸಂದಿಯಲ್ಲಿ ಗೆಡ್ಡೆ ತಾನಾಗಿ ತೂರಿಕೊಳ್ಳುತ್ತದೆಂಬ ವಿವರಣೆ ಬಂತು. ಈಗಿನ ತಿಳಿವಳಿಕೆಯಲ್ಲಿ ನರವೂ ಸುಮ್ಮನೆ ಬಿದ್ದಿರುವ ದಾರಿಯಲ್ಲ: ನರವನ್ನು ಪೋಷಿಸುವ ಬೆಳವಣಿಗೆ-ಪ್ರೋಟೀನುಗಳನ್ನು ಗ್ರಹಿಸುವ ಗ್ರಾಹಕಗಳು ಕ್ಯಾನ್ಸರ್ ಕೋಶಗಳ ಮೈಮೇಲೂ ಇರುವುದರಿಂದ, ನರ ತನಗಾಗಿ ಬೇಯಿಸಿಕೊಂಡ ಅನ್ನದ ಪರಿಮಳಕ್ಕೆ ಗೆಡ್ಡೆಯೂ ಎದ್ದು ಬರುತ್ತದೆ ಎನ್ನಬಹುದು.

ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ಕಪಾಲನರಗಳಲ್ಲಿ ಎರಡು ಈ ಕಾಯಿಲೆಗೆ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಐದನೆಯದಾದ ಟ್ರೈಜೆಮಿನಲ್ ನರ ಹೆಸರೇ ಹೇಳುವಂತೆ ಮುಕ್ಕವಲಿನದು. ಹಣೆ, ಮೇಲ್ದವಡೆ, ಕೆಳದವಡೆಗಳ ಸ್ಪರ್ಶಜ್ಞಾನವನ್ನು ಅದರ ಒಂದೊಂದು ಕವಲು ಹೊತ್ತು ತರುತ್ತದೆ, ಮೂರನೆಯ ಕವಲು ಅಗಿಯುವ ಸ್ನಾಯುಗಳನ್ನೂ ನಡೆಸುತ್ತದೆ. ಏಳನೆಯದಾದ ಮುಖನರ ನಗು, ಮುನಿಸು, ಕಣ್ಣು ಮಿಟುಕಿಸುವುದು ಮುಂತಾದ ಮುಖದ ಚಲನೆಗಳ ಒಡೆಯ. ಈ ಮುಖನರ ಕಿವಿಯ ಹಿಂದಿನ ಮೂಳೆಯಿಂದ ಹೊರಬಂದು ಪರೋಟಿಡ್ ಗ್ರಂಥಿಯ ನಡುವೆಯೇ ಹಾದು ಐದು ಕವಲುಗಳಾಗಿ ಒಡೆಯುತ್ತದೆ. ಆ ಗ್ರಂಥಿಗೆ ಜೊಲ್ಲು ಸುರಿಸುವಂತೆ ಆಜ್ಞೆ ಕೊಡುವುದು ಒಂಬತ್ತನೆಯ ನರವೇ ಹೊರತು ಮುಖನರವಲ್ಲ. ಅಲ್ಲಿ ಯಾವ ಕೆಲಸವೂ ಇಲ್ಲದೆ ಬರಿದೇ ಹಾದುಹೋಗುವ ನರವೇ ಗೆಡ್ಡೆಯ ಕೈಗೆ ಸಿಗುವುದು ದೇಹರಚನೆಯ ಒಂದು ವಿಡಂಬನೆ.

ಅಂಗುಳದ ಗೆಡ್ಡೆ ಹಿಡಿಯುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನೋಡಿದರೆ ಕಾಯಿಲೆಯ ಬಗೆ ಸ್ಪಷ್ಟವಾಗುತ್ತದೆ. ಅಂಗುಳದ ಸಣ್ಣ ನರಗಳ ಮೂಲಕ ಮೇಲೇರುವ ಕೋಶಗಳು ಮೇಲ್ದವಡೆಯ ಹಿಂದೆ ಅಡಗಿರುವ ಟೆರಿಗೋಪ್ಯಾಲಟೈನ್ ಕುಳಿ ಎಂಬ ಪುಟ್ಟ ಪೊಟರೆಗೆ ಬರುತ್ತವೆ. ಹಲವು ನರಗಳು ಕೂಡುವ ಈ ಕೂಟದಿಂದ ಟ್ರೈಜೆಮಿನಲ್‌ನ ಎರಡನೆಯ ಕವಲನ್ನು ಹಿಡಿದು, ತಲೆಬುರುಡೆಯ ಬುಡದಲ್ಲಿರುವ ದುಂಡು ರಂಧ್ರವನ್ನು ತೂರಿದರೆ ಮಿದುಳಿನ ಪಕ್ಕದ ಕ್ಯಾವರ್ನಸ್ ಸೈನಸ್ ಎಂಬ ರಕ್ತಕೋಶಕ್ಕೆ ತಲುಪಿದಂತೆ. ಕಣ್ಣುಗುಡ್ಡೆಯನ್ನು ಹೊರಳಿಸುವ ಮೂರು ನರಗಳೂ ಮಿದುಳಿಗೆ ರಕ್ತ ಒಯ್ಯುವ ಕೆರೊಟಿಡ್ ಅಪಧಮನಿಯೂ ಅಲ್ಲೇ ಇರುವುದರಿಂದ ಅಂಗುಳದಲ್ಲಿ ಹುಟ್ಟಿದ ಕಾಯಿಲೆ ಒಂದು ವಸ್ತು ಎರಡಾಗಿ ಕಾಣುವ ತೊಂದರೆಯಾಗಿ ಪ್ರಕಟವಾಗುವುದುಂಟು. ಕೆಳದವಡೆಯ ಕಡೆಯಿಂದ ಹೊರಟರೆ ದಾರಿ ಬೇರೆ: ಮೂರನೆಯ ಕವಲಿನೊಡನೆ ಅಂಡಾಕಾರದ ರಂಧ್ರದ ಮೂಲಕ ಏರಿ, ಮೂರೂ ಕವಲುಗಳು ಸೇರುವ ನರಗಂಟಿಗೆ ಬರುವುದು. ಆ ಗಂಟಿನಿಂದ ಇನ್ನೊಂದು ಕವಲಿಗೆ ಇಳಿದು ಹೊರಮುಖವಾಗಿ ಬರುವುದೂ ಸಾಧ್ಯ. ಕಿವಿಯ ಮುಂದಿನ ಆರಿಕ್ಯುಲೋಟೆಂಪೊರಲ್ ಎಂಬ ಸಣ್ಣ ನರ ಐದನೆಯ ಮತ್ತು ಏಳನೆಯ ನರಗಳ ನಡುವೆ ಅಡ್ಡದಾರಿಯಂತಿದ್ದು, ಪರೋಟಿಡ್‌ನ ಗೆಡ್ಡೆ ಅದರ ಮೂಲಕ ಮುಖನರದ ಸೀಮೆಯಿಂದ ಟ್ರೈಜೆಮಿನಲ್‌ನ ಸೀಮೆಗೆ ದಾಟಿಕೊಳ್ಳಬಲ್ಲದು. ಇದೆಲ್ಲ ದಿನ ವಾರಗಳಲ್ಲಿ ಆಗುವುದಲ್ಲ. ತಿಂಗಳು, ವರ್ಷಗಳೇ ಹಿಡಿಯುತ್ತವೆ.

ಹಾಗಾಗಿಯೇ ಇದರ ಮೊದಲ ಸೂಚನೆ ಹಲವು ಸಲ ನೋವಾಗಲಿ ರಕ್ತಸ್ರಾವವಾಗಲಿ ಆಗಿರದೆ ಜೋಮಾಗಿರುತ್ತದೆ. ಕೆನ್ನೆಯ ಮೇಲೆ ಇರುವೆ ಹರಿದಂತಾಗುವುದು, ಗದ್ದದ ಒಂದು ಪಕ್ಕ ಮರಗಟ್ಟಿ ಕ್ಷೌರದ ಬ್ಲೇಡು ತಾಗಿದ್ದೂ ತಿಳಿಯದಿರುವುದು, ನಾಲಿಗೆಯ ಅರ್ಧದಲ್ಲಿ ಜುಮುಜುಮು ಇವೆಲ್ಲ ಟ್ರೈಜೆಮಿನಲ್‌ನ ದೂರುಗಳು. ಹಲ್ಲಿನ ನೋವೆಂದು ತಿಳಿದು ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡರೂ ನೋವು ಇಳಿಯದಿರುವ ಪ್ರಸಂಗಗಳು ಈ ಕಾಯಿಲೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಮಿಂಚು ಹೊಡೆದಂತೆ ಬಂದು ಹೋಗುವ, ಚರ್ಮದ ಸ್ಪರ್ಶಜ್ಞಾನವನ್ನು ಸಾಮಾನ್ಯವಾಗಿ ಕೆಡಿಸದ ಟ್ರೈಜೆಮಿನಲ್ ನ್ಯೂರಾಲ್ಜಿಯ ಎಂಬ ನರಶೂಲೆಯೊಂದಿಗೆ ಇದನ್ನು ಬೆರೆಸಬಾರದು. ನೋವಿನ ಜೊತೆ ಮರಗಟ್ಟುವಿಕೆಯೂ ಇದ್ದರೆ ನರದ ದಾರಿಯನ್ನು ಚಿತ್ರ ತೆಗೆದು ನೋಡಲೇಬೇಕು.

ಮುಖನರದ ದೂರು ಇನ್ನೂ ಹೆಚ್ಚು ದಾರಿತಪ್ಪಿಸುತ್ತದೆ. ಬಾಯಿ ಸೊಟ್ಟಗಾಗಿ ಕಣ್ಣು ಮುಚ್ಚಲಾಗದಿದ್ದರೆ ಲಕ್ವ ಹೊಡೆಯಿತೆಂದು ಮನೆಯವರು ಹೆದರುತ್ತಾರೆ, ವೈದ್ಯರು ಪರೀಕ್ಷಿಸಿ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಚಾರ್ಲ್ಸ್ ಬೆಲ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯರ ಹೆಸರು ಹೊತ್ತ ಆ ಕಾಯಿಲೆ ನಿಜಕ್ಕೂ ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುವಂಥದು. ವ್ಯತ್ಯಾಸ ತಿಳಿಯುವುದು ಕಾಲದ ಲೆಕ್ಕದಿಂದ. ಬೆಲ್ಸ್ ಪಾಲ್ಸಿ ಮೂರು ದಿನಗಳೊಳಗೆ ತನ್ನ ಶಿಖರ ಮುಟ್ಟಿ, ಮುಂದಿನ ವಾರಗಳಲ್ಲಿ ಇಳಿಮುಖವಾಗುತ್ತದೆ. ಗೆಡ್ಡೆಯಿಂದಾದ ಪಾಲ್ಸಿ ವಾರಗಟ್ಟಲೆ ಮೆಲ್ಲಗೆ ಏರುತ್ತ, ಮೊದಲು ತುಟಿಯ ಮೂಲೆ, ಆಮೇಲೆ ಕೆನ್ನೆ, ಆಮೇಲೆ ರೆಪ್ಪೆ ಎಂದು ಕವಲು ಕವಲಾಗಿ ಹಿಡಿಯಬಹುದು. ಮೂರು-ನಾಲ್ಕು ತಿಂಗಳು ಕಳೆದರೂ ಚೂರೂ ಚೇತರಿಕೆ ಕಾಣದ ಪಾಲ್ಸಿಯನ್ನು ಬೆಲ್ಸ್ ಪಾಲ್ಸಿ ಎಂದು ಕರೆಯುತ್ತ ಹೋಗುವುದು ರೋಗನಿರ್ಣಯವಲ್ಲ, ಸೋಮಾರಿತನ.

ಚಿತ್ರ ತೆಗೆಯಲು ಇಲ್ಲಿ ಮುಖ್ಯ ಸಾಧನ ಎಂಆರ್‌ಐ. ಗೆಡೊಲಿನಿಯಂ ಎಂಬ ಬಣ್ಣದ್ರವ್ಯವನ್ನು ರಕ್ತನಾಳಕ್ಕೆ ಕೊಟ್ಟು, ಕೊಬ್ಬಿನ ಹೊಳಪನ್ನು ಅಡಗಿಸಿ ತೆಗೆದ ಚಿತ್ರಗಳಲ್ಲಿ ರೋಗ ಹಿಡಿದ ನರ ದಪ್ಪವಾಗಿ ಬೆಳಗುತ್ತದೆ. ತಲೆಬುರುಡೆಯ ರಂಧ್ರಗಳ ಬಾಯಲ್ಲಿ ಸಹಜವಾಗಿ ಇರುವ ಒಂದಿಷ್ಟು ಕೊಬ್ಬು ಸಾಮಾನ್ಯ ಚಿತ್ರಗಳಲ್ಲಿ ಬೆಳ್ಳಗೆ ಕಾಣುತ್ತದೆ; ಅದು ಒಂದು ಪಕ್ಕದಲ್ಲಿ ಮಾತ್ರ ಮಾಯವಾಗಿದ್ದರೆ ಏನೋ ನುಸುಳಿದೆಯೆಂದೇ ಅರ್ಥ. ಸಿ.ಟಿ. ಚಿತ್ರದಲ್ಲಿ ರಂಧ್ರವೇ ಅಗಲವಾಗಿ ಕಾಣಬಹುದಾದರೂ ಆ ಹೊತ್ತಿಗೆ ತಡವಾಗಿರುತ್ತದೆ. ಹೀಗೆಲ್ಲ ಇದ್ದೂ ಎಂಆರ್‌ಐ ಕಾಣಿಸದಷ್ಟು ಸೂಕ್ಷ್ಮವಾಗಿ ಕೋಶಗಳು ನರದಲ್ಲಿ ಇರಬಲ್ಲವು. ನಡುನಡುವೆ ನರದ ತುಂಡು ನಿರ್ಮಲವಾಗಿ ಕಂಡು, ಅದರಾಚೆ ಮತ್ತೆ ರೋಗ ಕಾಣಿಸುವುದೂ ಉಂಟು. ಗೆಡ್ಡೆಯ ಕುಲ ತೀರ್ಮಾನವಾಗುವುದು ಸೂಜಿ ಚುಚ್ಚಿ ತೆಗೆದ ಕೋಶಗಳ ಪರೀಕ್ಷೆ ಅಥವಾ ಬಯಾಪ್ಸಿಯಿಂದ.

ಚಿಕಿತ್ಸೆಯ ಮೊದಲ ಹೆಜ್ಜೆ ಶಸ್ತ್ರಕ್ರಿಯೆ, ಅಲ್ಲಿಯೇ ಕಷ್ಟದ ಆಯ್ಕೆಯೂ ಎದುರಾಗುತ್ತದೆ. ಗೆಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಚಿನೊಡನೆ ಕತ್ತರಿಸುವುದು ಕ್ಯಾನ್ಸರ್ ಶಸ್ತ್ರಕ್ರಿಯೆಯ ನಿಯಮವಾದರೆ, ನರದ ಅಂಚು ಎಲ್ಲಿ ಮುಗಿಯಿತೆಂದು ಹೇಳುವುದೇ ಇಲ್ಲಿ ದುಸ್ತರ. ಮುಖದ ಚಲನೆ ಸರಿಯಿದ್ದು ನರವನ್ನು ಗೆಡ್ಡೆಯಿಂದ ಬಿಡಿಸಲು ಬರುವುದಾದರೆ ನರವನ್ನು ಉಳಿಸುವುದು, ಮೊದಲೇ ಸೋತಿದ್ದರೆ ಅಥವಾ ಗೆಡ್ಡೆ ಅದನ್ನು ಪೂರ್ತಿ ಸುತ್ತಿಕೊಂಡಿದ್ದರೆ ಕತ್ತರಿಸಿ ಕಾಲಿನ ಅಥವಾ ಕತ್ತಿನ ಸ್ಪರ್ಶನರವೊಂದರ ತುಂಡನ್ನು ಕಸಿ ಮಾಡುವುದು ಇಂದಿನ ರೂಢಿ. ಕಸಿಯಾದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ, ಹಾಗಾಗಿ ಮುಖದಲ್ಲಿ ಚಲನೆ ಮರಳಲು ತಿಂಗಳುಗಳು ಬೇಕು. ತಲೆಬುರುಡೆಯ ಬುಡವನ್ನು ಕೊರೆದು ಕೊನೆಯ ಕೋಶದವರೆಗೂ ಬೆನ್ನಟ್ಟುವ ಉತ್ಸಾಹ ಹಿಂದಿಗಿಂತ ಈಗ ತಗ್ಗಿದೆ. ಉಳಿದದ್ದನ್ನು ವಿಕಿರಣಕ್ಕೆ ಒಪ್ಪಿಸುವುದು ಹೆಚ್ಚು ವಿವೇಕದ ದಾರಿಯೆಂಬುದು ಹಲವು ಶಸ್ತ್ರವೈದ್ಯರ ಮತ.

ಶಸ್ತ್ರಕ್ರಿಯೆಯ ನಂತರ ಸಾಮಾನ್ಯವಾಗಿ 60 ಗ್ರೇ ಅಥವಾ ಅದಕ್ಕೂ ಮಿಗಿಲಾದ ವಿಕಿರಣವನ್ನು ಗೆಡ್ಡೆಯ ಜಾಗಕ್ಕೂ ಅಲ್ಲಿಂದ ತಲೆಬುರುಡೆಯವರೆಗಿನ ನರದ ದಾರಿಗೂ ಕೊಡುತ್ತಾರೆ. ಗ್ರೇ ಎಂಬುದು ದೇಹ ಹೀರಿಕೊಂಡ ವಿಕಿರಣದ ಅಳತೆ. ಕ್ಷ-ಕಿರಣಗಳ ಬದಲು ನ್ಯೂಟ್ರಾನುಗಳನ್ನು ಬಳಸಿದರೆ ಹೇಗೆಂದು ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು 1980ರ ದಶಕದಲ್ಲಿ ನಡೆಸಿದ ಪ್ರಯೋಗ, ಶಸ್ತ್ರಕ್ರಿಯೆ ಸಾಧ್ಯವಾಗದ ಜೊಲ್ಲುಗ್ರಂಥಿ ಕ್ಯಾನ್ಸರಿನ ಮೂವತ್ತು ಚಿಲ್ಲರೆ ರೋಗಿಗಳದಷ್ಟೇ ಆದರೂ ಪ್ರಸಿದ್ಧವಾಯಿತು: ಹತ್ತು ವರ್ಷಗಳ ನಂತರ ಗೆಡ್ಡೆ ಅದೇ ಜಾಗದಲ್ಲಿ ಹತೋಟಿಯಲ್ಲಿದ್ದವರು ನ್ಯೂಟ್ರಾನ್ ಗುಂಪಿನಲ್ಲಿ ಶೇ 56, ಮತ್ತೊಂದರಲ್ಲಿ ಶೇ 17. ಆಯುಷ್ಯ ಮಾತ್ರ ಎರಡೂ ಗುಂಪುಗಳಲ್ಲಿ ಬೇರೆಯಾಗಲಿಲ್ಲ, ಏಕೆಂದರೆ ರೋಗ ಅಷ್ಟರಲ್ಲಿ ದೂರದ ಅಂಗಗಳನ್ನು ಸೇರಿತ್ತು. ಹತ್ತಿರದ ಅಂಗಾಂಶಗಳಿಗೆ ನ್ಯೂಟ್ರಾನುಗಳಿಂದಾಗುವ ಹಾನಿಯೂ ಸಣ್ಣದಲ್ಲ. ಜಪಾನ್, ಜರ್ಮನಿಗಳಲ್ಲಿ ಇಂಗಾಲದ ಅಯಾನುಗಳ ಬಳಕೆ ಬೆಳೆದಿದೆ. ಕಣ್ಣು, ಮಿದುಳುಗಳ ಪಕ್ಕದಲ್ಲಿ ನಿಖರವಾಗಿ ನಿಲ್ಲಬಲ್ಲ ಪ್ರೋಟಾನ್ ಕಿರಣದ ಚಿಕಿತ್ಸೆ ಭಾರತದಲ್ಲಿ 2019ರಿಂದ ಚೆನ್ನೈನಲ್ಲಿ, ನಂತರ ಟಾಟಾ ಸ್ಮಾರಕ ಕೇಂದ್ರದ ನವಿ ಮುಂಬೈ ಆವರಣದಲ್ಲಿ ದೊರೆಯುತ್ತಿದೆ.

ಔಷಧಗಳ ಕಥೆ ಇಷ್ಟು ಆಶಾದಾಯಕವಲ್ಲ. ಕೀಮೋಥೆರಪಿ ವೇಗವಾಗಿ ವಿಭಜಿಸುವ ಕೋಶಗಳನ್ನು ಹೊಡೆಯುತ್ತದೆ, ಈ ಕಾಯಿಲೆಯ ಕೋಶಗಳೋ ನಿಧಾನವೇ ಬದುಕೆಂದು ಬಗೆದಿರುವಂಥವು. ಲೆನ್‌ವಾಟಿನಿಬ್‌ನಂಥ ಮಾತ್ರೆಗಳಿಂದ ಆರೇಳು ಮಂದಿಯಲ್ಲಿ ಒಬ್ಬರಿಗೆ ಗೆಡ್ಡೆ ಗಣನೀಯವಾಗಿ ಕುಗ್ಗುತ್ತದೆ, ಇನ್ನಷ್ಟು ಮಂದಿಗೆ ಬೆಳೆಯದೆ ನಿಲ್ಲುತ್ತದೆ. ಮೂಲಕಾರಣದ ಕಡೆಗೆ ದಾರಿ ತೋರಿಸಿದ್ದು 2009ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಪ್ರಕಟಿಸಿದ ಶೋಧ: ಆರನೆಯ ಮತ್ತು ಒಂಬತ್ತನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಎಂವೈಬಿ ಮತ್ತು ಎನ್‌ಎಫ್‌ಐಬಿ ಎಂಬ ಎರಡು ಜೀನುಗಳು ಬೆಸೆದುಕೊಂಡು, ಬೆಳೆದ ಗ್ರಂಥಿಯಲ್ಲಿ ಸುಮ್ಮನಿರಬೇಕಾದ ಎಂವೈಬಿ ಎಡೆಬಿಡದೆ ಕೆಲಸ ಮಾಡತೊಡಗುತ್ತದೆ. ಕೋಳಿಗಳಿಗೆ ರಕ್ತಕ್ಯಾನ್ಸರ್ ತರುವ ವೈರಸ್ಸಿನ ಅಧ್ಯಯನದಿಂದ ಬೆಳಕಿಗೆ ಬಂದ ಈ ಜೀನು ಮನುಷ್ಯರಲ್ಲಿ ರಕ್ತಕಣಗಳ ಬೆಳವಣಿಗೆಗೂ ಬೇಕಾದುದರಿಂದ ಅದನ್ನು ಔಷಧದಿಂದ ಅಡಗಿಸುವುದು ಸುಲಭವಲ್ಲ.

ಅದೇ 2009ರಲ್ಲಿ ಹೊರಬಂದ ಇನ್ನೊಂದು ಸಂಗತಿ ಸಂಶೋಧಕರಿಗೆ ಮುಜುಗರ ತರುವಂಥದು. ಈ ಕಾಯಿಲೆಯದೆಂದು ಪ್ರಯೋಗಾಲಯಗಳು ಸಾಕಿಕೊಂಡು ಬಂದಿದ್ದ ಆರು ಕೋಶಪರಂಪರೆಗಳ ಅನುವಂಶಿಕ ಗುರುತನ್ನು ಪರೀಕ್ಷಿಸಿದಾಗ ಒಂದೂ ಆ ಕಾಯಿಲೆಯದಾಗಿರಲಿಲ್ಲ: ಮೂರು ಪರಂಪರೆಗಳು 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕನ್ ಮಹಿಳೆಯ ಗರ್ಭಕೊರಳಿನ ಕ್ಯಾನ್ಸರಿನಿಂದ ಪಡೆದ ಹೀಲಾ ಕೋಶಗಳು, ಒಂದು ಮೂತ್ರಕೋಶದ ಕ್ಯಾನ್ಸರಿನದು, ಉಳಿದೆರಡು ಮನುಷ್ಯರ ಕೋಶಗಳೇ ಅಲ್ಲ. ಅವುಗಳ ಮೇಲೆ ವರ್ಷಗಟ್ಟಲೆ ಪ್ರಬಂಧಗಳು ಬಂದಿದ್ದವು. ಅಪರೂಪದ ಕಾಯಿಲೆಗೆ ತಗಲುವ ನಿಜವಾದ ಬೆಲೆ ಇಂಥದು. ನೋಡುವವರು ಕಡಿಮೆಯಾದ್ದರಿಂದ ತಪ್ಪು ಬಹುಕಾಲ ಬಾಳುತ್ತದೆ. ಅಮೆರಿಕದಲ್ಲಿ ರೋಗಿಯ ಕುಟುಂಬವೊಂದು 2005ರಲ್ಲಿ ಕಟ್ಟಿದ ಪ್ರತಿಷ್ಠಾನ ಗೆಡ್ಡೆಗಳ ಮಾದರಿಗಳನ್ನು ಒಟ್ಟುಗೂಡಿಸಿ, ಸಂಶೋಧನೆಗೆ ಹಣ ಒದಗಿಸಿ ಈ ಕೊರತೆಯನ್ನು ಒಂದಷ್ಟು ತುಂಬಿದೆ.

ಕ್ಯಾನ್ಸರಿನ ಗೆಲುವು ಸೋಲುಗಳನ್ನು ಐದು ವರ್ಷಗಳ ಗಡುವಿನಲ್ಲಿ ಅಳೆಯುವ ರೂಢಿ ಈ ಕಾಯಿಲೆಯ ಮುಂದೆ ಪೂರ್ತಿ ಕೈಕೊಡುತ್ತದೆ. ಐದು ವರ್ಷ ಬದುಕಿರುವವರು ನಾಲ್ವರಲ್ಲಿ ಸುಮಾರು ಮೂವರು ಎಂಬುದು ಸಮಾಧಾನದ ಅಂಕಿಯಾಗಿ ಕಂಡರೂ ಹದಿನೈದು ವರ್ಷಗಳ ಹೊತ್ತಿಗೆ ಅದು ಶೇ 40ರ ಆಸುಪಾಸಿಗೆ ಇಳಿಯುತ್ತದೆ. ಹತ್ತಿರ ಹತ್ತಿರ ಐವರಲ್ಲಿ ಇಬ್ಬರಿಗೆ ರೋಗ ಎಂದಾದರೊಮ್ಮೆ ದೂರದ ಅಂಗಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿನ ಸಣ್ಣ ಗಂಟುಗಳು ಬೆಳೆಯದೆ ಇರುವಷ್ಟು ಕಾಲ ಯಾವ ಔಷಧವನ್ನೂ ಕೊಡದೆ ಕಾದು ನೋಡುವುದೇ ಹಲವರ ವಿಷಯದಲ್ಲಿ ಸರಿಯಾದ ಚಿಕಿತ್ಸೆಯಾಗುತ್ತದೆ, ಇದನ್ನು ರೋಗಿಗೆ ಒಪ್ಪಿಸುವುದು ಮಾತ್ರ ಔಷಧ ಬರೆದುಕೊಡುವುದಕ್ಕಿಂತ ಕಷ್ಟ. ಗುಣವಾಯಿತೆಂದು ತಪಾಸಣೆ ನಿಲ್ಲಿಸುವ ದಿನ ಇಲ್ಲಿಲ್ಲ; ಹತ್ತು ವರ್ಷ ದಾಟಿದ ರೋಗಿಯ ಎಂಆರ್‌ಐ ಚಿತ್ರಗಳು ಬಂದಾಗಲೂ ಅವನ್ನು ಓದುವ ವೈದ್ಯರು ಗೆಡ್ಡೆಯಿದ್ದ ಜಾಗವನ್ನು ನೋಡಿ ಮುಗಿಸಿ, ತಲೆಬುರುಡೆಯ ಬುಡದ ದುಂಡು ರಂಧ್ರ, ಅಂಡಾಕಾರದ ರಂಧ್ರಗಳನ್ನು ಎಡಬಲ ಹೋಲಿಸುತ್ತ, ಅಲ್ಲಿನ ಬಿಳಿಯ ಕೊಬ್ಬಿನ ಚುಕ್ಕೆ ಹೋದ ವರ್ಷದಷ್ಟೇ ಇದೆಯೇ ಎಂದು ಹುಡುಕುತ್ತಾರೆ.